ಒಳ್ಳೆಯ ಮನಸ್ಸಿನವರ ಹಳ್ಳಿ

ಮಕ್ಕಳೇ, ನಮ್ಮ ಕುರುಬರಹಳ್ಳಿಯಿಂದ ಮಾಗಡಿ ರಸ್ತೆಗೆ ಬಂದು ಪಶ್ಚಿಮಕ್ಕೆ ಹೋದರೆ ಸುಮನಹಳ್ಳಿ ಮೇಲ್ಸೇತುವೆ ಸಿಗುತ್ತದೆ. ಮೊನ್ನೆ ಬಸ್ಸಿಳಿದಾಗ ಮೊಮ್ಮಗಳು, "ಇಲ್ಲಿ ಹಳ್ಳಿಯೇ ಇಲ್ಲವಲ್ಲ ತಾತ?" ಎಂದಳು.

ಕುಷ್ಠರೋಗ ಬಂದವರನ್ನು ಮನೆಯವರೇ ಹೊರಗಟ್ಟುತ್ತಿದ್ದ ಕಾಲವಿತ್ತು. ಸರ್ಕಾರದ ಕೋರಿಕೆಯಂತೆ 1977ರಲ್ಲಿ ಬೆಂಗಳೂರಿನ ಆರ್ಚ್‌ಬಿಷಪ್ ಅಂಥವರಿಗಾಗಿ ಇಲ್ಲಿ ಸುಮನಹಳ್ಳಿ ಸಂಸ್ಥೆ ಆರಂಭಿಸಿದರು. ಯೇಸುಸ್ವಾಮಿ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ ಕಥೆ ಬೈಬಲಿನಲ್ಲಿದೆ. ಅದನ್ನು ನಂಬಿದವರು ಇಲ್ಲಿ ಮದ್ದು ಕೊಟ್ಟರು. ಜೊತೆಗೆ ಹೊಲಿಗೆ, ಚರ್ಮದ ಕೆಲಸ ಕಲಿಸಿದರು. ಭಿಕ್ಷೆಗೆ ಚಾಚಿದ್ದ ಕೈಗಳು ಚೀಲ ಹೊಲಿದು ಸಂಪಾದಿಸಿದವು.

ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿದ್ದಾಗ, ಬೆರಳು ಮುದುಡಿದ ಒಬ್ಬರು ಹಣ ಪಡೆಯಲು ಬಂದಿದ್ದರು. ನಾನು ನೋಟುಗಳನ್ನು ಅವರ ಕೈಗೆ ಕೊಡದೆ, ಸ್ಕೇಲಿನಿಂದ ಮುಂದಕ್ಕೆ ತಳ್ಳಿದೆ. ಅವರು ಏನೂ ಅನ್ನಲಿಲ್ಲ, ಎಣಿಸದೆಯೇ ಹೊರಟುಹೋದರು.

ಕೈ ಕುಲುಕಿದರೆ ಈ ರೋಗ ಅಂಟುವುದಿಲ್ಲ. ಆರು ತಿಂಗಳಿಂದ ಒಂದು ವರ್ಷ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ. ಇದು ನನಗೆ ತಿಳಿದದ್ದು ಆಮೇಲೆ.

ಗೇಟಿನ ಬಳಿ ಹಿರಿಯರೊಬ್ಬರು ನಮಸ್ಕಾರ ಮಾಡಿದರು. ಅದೇ ಬಗೆಯ ಮುದುಡಿದ ಬೆರಳುಗಳು. ಈ ಸಲ ನನ್ನ ಎರಡೂ ಕೈಗಳಿಂದ ಅವರ ಕೈ ಹಿಡಿದುಕೊಂಡೆ. ಮೊಮ್ಮಗಳೂ ತನ್ನ ಪುಟ್ಟ ಕೈ ಚಾಚಿದಳು.

"ಹಳ್ಳಿ ಸಿಕ್ಕಿತು ತಾತ," ಎಂದಳು.