ಕೊಂಡಪಲ್ಲಿಯ ಲೀಡ್

ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಕೇಳಿದಳು: "ಸರ್, ಆಗೆಲ್ಲ ಇಡೀ ಅಪ್ಲಿಕೇಶನ್ ಒಂದೇ ಫೈಲಾಗಿ ಡಿಪ್ಲಾಯ್ ಮಾಡ್ತಿದ್ರಂತೆ, ಹೌದಾ?"

ಹೌದು. ಒಂದು ವಾರ್ ಫೈಲ್, ಒಂದು ಟಾಮ್‌ಕ್ಯಾಟ್, ಒಂದು ಒರಾಕಲ್. ಏನು ಕೆಟ್ಟಿತೆಂದು ನೋಡಲು ಒಂದೇ ಲಾಗ್ ತೆರೆದರೆ ಸಾಕು. ಹಾಗಂತ ಅದೇನೂ ಸ್ವರ್ಗವಲ್ಲ. ಯಾವುದೋ ರಿಪೋರ್ಟು ಮೆಮೊರಿ ನುಂಗಿದರೆ ಬಿಲ್ಲಿಂಗೂ ಮಲಗುತ್ತಿತ್ತು. ರಿಲೀಸ್ ಅಂದರೆ ಬೆಳ್ಳಂದೂರಿನ ಆಫೀಸಿನಲ್ಲಿ ಜಾಗರಣೆ.

ನಮ್ಮ ಲೀಡ್ ವಿಜಯವಾಡದ ಪಕ್ಕದ ಕೊಂಡಪಲ್ಲಿಯವರು. ಅವರ ಮೇಜಿನ ಮೇಲೆ ಊರಿನ ಮರದ ಗೊಂಬೆ, ಅಂಬಾರಿ ಆನೆಯಿತ್ತು. ಹೊಸಬರ ಕೈಗೆ ಅದನ್ನಿಟ್ಟು, ತೆಲುಗು ಬೆರೆತ ಕನ್ನಡದಲ್ಲಿ ವಿವರಿಸುತ್ತಿದ್ದರು: ತೆಲ್ಲ ಪೊಣಿಕಿ ಮರದಲ್ಲಿ ಭಾಗಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಅಂಟಿಗೆ ಮರದ ಪುಡಿ ಕಲಸಿ ಕೂಡಿಸುತ್ತಾರೆ. "ಪೂರ್ತಿ ಆನೆ ಕಣ್ಣಲ್ಲಿ ಇದ್ದವನೇ ಕಾಲು ಕೆತ್ತಬೇಕು. ಜೋಡಣೆ ಎಲ್ಲಿ ಅಂತ ಮೊದಲು ನೋಡಿ."

2014ರಲ್ಲಿ ಜೇಮ್ಸ್ ಲೂಯಿಸ್, ಮಾರ್ಟಿನ್ ಫೌಲರ್ ಮೈಕ್ರೋಸರ್ವಿಸ್ ಬಗ್ಗೆ, ಅಂದರೆ ಅಪ್ಲಿಕೇಶನ್ನನ್ನು ಪುಟ್ಟ ಪುಟ್ಟ ಸ್ವತಂತ್ರ ಸರ್ವಿಸ್‌ಗಳಾಗಿ ಕಟ್ಟುವ ಬಗ್ಗೆ, ಬರೆದರು. ಬೆಂಗಳೂರಿಗೆಲ್ಲ ಅದೇ ಜಪ ಹಿಡಿಯಿತು. ಎಲ್ಲವನ್ನೂ ಒಡೆಯಿರಿ ಎಂದು ಮ್ಯಾನೇಜರ್ ಪಟ್ಟು ಹಿಡಿದರು. ಲೀಡ್ ಚೌಕಾಸಿಗೆ ಕೂತರು. "ಎಸ್ಸೆಮ್ಮೆಸ್ ಕಳಿಸೋದನ್ನ ಬೇರೆ ಮಾಡ್ತೀನಿ. ಅದು ಬಿದ್ದರೆ ಮೆಸೇಜು ಕ್ಯೂನಲ್ಲಿ ಕಾಯುತ್ತೆ, ಆರ್ಡರ್ ನಿಲ್ಲಲ್ಲ. ಆರ್ಡರ್, ಸ್ಟಾಕ್ ಎರಡನ್ನೂ ಮುಟ್ಟಲ್ಲ. ಅವು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗಬೇಕು." ಇನ್ನೊಂದಾದರೂ ಕೊಡಿ ಎಂದರು ಮ್ಯಾನೇಜರ್. ರಿಪೋರ್ಟು ಕೊಟ್ಟರು, ಷರತ್ತು ಹಾಕಿ: ಅದಕ್ಕೆ ಅದರದೇ ಡೇಟಾಬೇಸ್, ಬೇರೆಯವರು ಒಳಗೆ ಕೈ ಹಾಕುವಂತಿಲ್ಲ; ಪ್ರತಿ ಕರೆಗೂ ಟೈಮ್‌ಔಟ್; ಪ್ರತಿ ರಿಕ್ವೆಸ್ಟಿಗೂ ಒಂದು ಟ್ರೇಸ್ ಐಡಿ; ಬರೆದ ತಂಡವೇ ರಾತ್ರಿಯ ಫೋನು ಎತ್ತಬೇಕು. ಅಷ್ಟೇ. ರಿಲೀಸ್ ರಾತ್ರಿಗಳಲ್ಲಿ ನಾವು ಮನೆಗೆ ಹೋಗಿ ಮಲಗುವಂತಾಯಿತು.

ಈಗ ನೋಡಿದರೆ ಹೊಟ್ಟೆ ಉರಿಯುತ್ತದೆ. ಜನಕ್ಕಿಂತ ಸರ್ವಿಸ್ ಹೆಚ್ಚು, ಎಲ್ಲವೂ ಕೈ ಹಾಕುವುದು ಒಂದೇ ಡೇಟಾಬೇಸಿಗೆ. ಒಂದು ಕಾಲಂ ಬದಲಿಸಲು ಎಲ್ಲ ತಂಡಗಳ ಮೀಟಿಂಗು. ಒಂದೊಂದು ಸರ್ವಿಸ್ ನೂರಕ್ಕೆ 99.9 ಪಾಲು ಎದ್ದಿದ್ದರೂ, ಹತ್ತನ್ನು ಸಾಲಾಗಿ ಕರೆದರೆ ಒಟ್ಟು 99ಕ್ಕೆ ಇಳಿಯುತ್ತದೆ. ಈ ಗುಣಾಕಾರವನ್ನು ಯಾರೂ ಮಾಡುವುದಿಲ್ಲ. ಅಮೆಜಾನಿನ ಪ್ರೈಮ್ ವಿಡಿಯೋದವರೇ ವಿಡಿಯೋ ಗುಣಮಟ್ಟ ನೋಡುವ ತಮ್ಮ ವ್ಯವಸ್ಥೆಯ ಬಿಡಿಭಾಗಗಳನ್ನು ಮತ್ತೆ ಒಟ್ಟುಗೂಡಿಸಿ, ಖರ್ಚು ಶೇ. 90ರಷ್ಟು ಇಳಿಯಿತೆಂದು 2023ರಲ್ಲಿ ಹೇಳಿಕೊಂಡರು.

ನಾಲ್ಕು ಜನರ ತಂಡಕ್ಕೆ ನಲವತ್ತು ಸರ್ವಿಸ್ ಬರೆಯಿರೆಂದು ಯಾರಾದರೂ ಹೇಳಿದರೆ, ದಯವಿಟ್ಟು ಎದ್ದು ನಿಂತು ಬೇಡವೆನ್ನಿ.