ಕಪಾಟಿನ ವಾಸನೆಗೂ ಒಂದು ವಿಳಾಸವಿದೆ

ಅಡುಗೆಮನೆಯ ಮರದ ಕಪಾಟಿನಿಂದ ಬರುವ ಕೆಟ್ಟ ವಾಸನೆ ಎಲ್ಲ ಮನೆಗಳಲ್ಲೂ ಒಂದೇ ಥರ ಇರುವುದಿಲ್ಲ. ಹಳೆಯ ಪುಸ್ತಕದ ಹಾಗೆ ಮುಗ್ಗಲು ವಾಸನೆ ಬಂದರೆ ಅಲ್ಲಿ ತೇವ ನಿಂತು ಬೂಷ್ಟು ಹಿಡಿದಿರುತ್ತದೆ. ಹಳೇ ಚಕ್ಕುಲಿ ಡಬ್ಬಿಯ ಹಾಗೆ ಕಮಟು ವಾಸನೆ ಬಂದರೆ, ಚೆಲ್ಲಿದ ಎಣ್ಣೆ ಹಲಗೆಯಲ್ಲಿ ಇಂಗಿ ಹಳಸಿರುತ್ತದೆ. ಕಣ್ಣು ಉರಿಸುವ ವಾಸನೆ ಹೊಸ ಪ್ಲೈವುಡ್ಡಿನದು. ಅದರ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ನಿಧಾನವಾಗಿ ಗಾಳಿಗೆ ಸೇರುತ್ತಿರುತ್ತದೆ. ಇನ್ನು ಮೂಲೆಗೆ ಉರುಳಿದ ಒಂದೇ ಒಂದು ಆಲೂಗಡ್ಡೆ ಕೊಳೆತರೆ ಸಾಕು, ಮನೆಮಂದಿಯೆಲ್ಲ ಮೂಗು ಮುಚ್ಚಿಕೊಳ್ಳಬೇಕು!

ನಮ್ಮ ಮನೆಯಲ್ಲಿ ಇವನ್ನೆಲ್ಲ ಪತ್ತೆ ಮಾಡುವವಳು ನಾಲ್ಕನೇ ತರಗತಿಯ ನನ್ನ ಮೊಮ್ಮಗಳು. ವಯಸ್ಸಾದಂತೆ ಕಣ್ಣು ಮಂಜಾಗುತ್ತದೆ, ಕಿವಿ ಮಂದವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೂಗೂ ಮಂದವಾಗುತ್ತದೆ ಎಂಬುದು ಮಾತ್ರ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಕಣ್ಣಿಗೆ ಕನ್ನಡಕವಿದೆ, ಕಿವಿಗೆ ಯಂತ್ರವಿದೆ. ಮೂಗಿಗೆ ಅಂಥದ್ದೇನೂ ಇಲ್ಲ. ನನಗೀಗ 72. ಒಗ್ಗರಣೆಯ ಇಂಗು ಗೊತ್ತಾಗುತ್ತದೆ, ಮಲ್ಲಿಗೆಯನ್ನು ಹತ್ತಿರ ಹಿಡಿದರೆ ಗೊತ್ತಾಗುತ್ತದೆ. ಸಣ್ಣಪುಟ್ಟ ವಾಸನೆಗಳು ತಿಳಿಯುವುದೇ ಇಲ್ಲ.

ಹೋದ ವರ್ಷ ಆಷಾಢದಲ್ಲಿ ನಮ್ಮ ಸಾಗರದ ಕಡೆ ಎಂದಿನಂತೆ ಜಡಿಮಳೆ. "ಅಜ್ಜೀ, ಸಿಂಕಿನ ಕೆಳಗಿನ ಕಪಾಟು ಒದ್ದೆ ಸಾಕ್ಸಿನ ಹಾಗೆ ನಾರ್ತಿದೆ" ಎಂದಳು ಮೊಮ್ಮಗಳು. ಅದು ನನ್ನ ಮಾವನವರು ಹಲಸಿನ ಹಲಗೆಯಲ್ಲಿ ಮಾಡಿಸಿದ ಕಪಾಟು. ಮನೆಯಲ್ಲಿ ಒಬ್ಬರು ಕರ್ಪೂರ ಇಡೋಣ ಎಂದರು, ಇನ್ನೊಬ್ಬರು ಅದನ್ನು ಕಿತ್ತುಹಾಕಿ ಹೊಸದು ಮಾಡಿಸೋಣ ಎಂದರು. ಕರ್ಪೂರ ಇಟ್ಟರೆ ವಾಸನೆ ಅಡಗುತ್ತದೆ, ಅದರ ಕಾರಣ ಹೋಗುವುದಿಲ್ಲ. "ಮೊದಲು ವಾಸನೆಯ ವಿಳಾಸ ಹುಡುಕೋಣ" ಎಂದೆ.

ಸಾಮಾನೆಲ್ಲ ಹೊರಗಿಟ್ಟೆವು. ಪೈಪಿನ ಪ್ರತಿಯೊಂದು ಜೋಡಣೆಗೂ ಒಣ ಪೇಪರಿನ ಚೂರು ಸುತ್ತಿ ನಲ್ಲಿ ಬಿಟ್ಟೆವು. ಹಿಂದಿನ ಜೋಡಣೆಯ ಪೇಪರು ಮಾತ್ರ ಒದ್ದೆಯಾಯಿತು! ಅದರ ರಬ್ಬರ್ ವಾಷರ್ ಸವೆದು ಹನಿ ಹನಿಯಾಗಿ ನೀರು ಸೋರುತ್ತಿತ್ತು. ಹಿಂಬದಿಯ ಹಲಗೆ ಅಂಗೈಯಗಲ ಕಪ್ಪಾಗಿತ್ತು. ಇನ್ನೊಂದು ಮಳೆಗಾಲ ಕಳೆದಿದ್ದರೆ ಆ ಹಲಗೆ ಕೊಳೆತು ಪುಡಿಯಾಗುತ್ತಿತ್ತು.

ವಾಷರ್ ಬದಲಿಸಿದ ಮೇಲೆ ಹಲಗೆಯನ್ನು ಸೋಪಿನ ನೀರಿನಲ್ಲಿ ಒರೆಸಿ, ಬೂಷ್ಟಿನ ಜಾಗಕ್ಕೆ ವಿನೆಗರ್ ಹಚ್ಚಿ, ಮತ್ತೆ ಒರೆಸಿ, ಬಾಗಿಲು ತೆರೆದು ಮೂರು ದಿನ ಫ್ಯಾನಿನ ಗಾಳಿಗೆ ಬಿಟ್ಟೆವು. ಒಂದು ಬಟ್ಟಲಲ್ಲಿ ಇದ್ದಿಲು ಇಟ್ಟೆವು. ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ, ವಾಸನೆಯ ಕಣಗಳು ಅಲ್ಲಿ ಅಂಟಿಕೊಳ್ಳುತ್ತವೆ. ಅಡುಗೆ ಸೋಡಾ ಇಟ್ಟರೂ ಆದೀತು. ಹುಳಿಯಾದ, ಹಳಸಿದ ವಾಸನೆಗಳನ್ನು ಅದು ತಗ್ಗಿಸುತ್ತದೆ. ಎಣ್ಣೆಯ ಕಮಟಿಗೆ ಬಿಸಿನೀರು, ಸೋಪೇ ಮದ್ದು. ಹೊಸ ಪ್ಲೈವುಡ್ ಕಪಾಟಾದರೆ ಪಾತ್ರೆ ಜೋಡಿಸುವ ಮೊದಲು ಸಾಕಷ್ಟು ದಿನ ಬಾಗಿಲು, ಕಿಟಕಿ ತೆರೆದಿಡಿ. ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬಿದ್ದರೆ ಮಾತ್ರ ಅದು ಮೊದಲಿನಂತಾಗದು, ಬದಲಿಸಲೇಬೇಕು. ಇನ್ನೊಂದು ಎಚ್ಚರಿಕೆ: ವಿನೆಗರ್ ಮತ್ತು ಬ್ಲೀಚಿಂಗ್ ಪೌಡರನ್ನು ಎಂದೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಇಷ್ಟೆಲ್ಲ ಹೇಳಲು ಒಂದು ದೊಡ್ಡ ಕಾರಣವಿದೆ. ಎಷ್ಟೋ ಮನೆಗಳಲ್ಲಿ ಗ್ಯಾಸ್ ಸಿಲಿಂಡರ್ ಇರುವುದೂ ಇಂಥದೇ ಕಪಾಟಿನೊಳಗೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯೇ ಇಲ್ಲ. ಸೋರಿದರೆ ತಿಳಿಯಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಸೇರಿಸುತ್ತಾರೆ. ಆದರೆ ಮೂಗೇ ಮಂದವಾಗಿದ್ದರೆ? ಈ ಅನಿಲ ಗಾಳಿಗಿಂತ ಭಾರ, ಮೇಲೇರದೆ ನೆಲದ ಬಳಿಯೇ ತುಂಬಿಕೊಳ್ಳುತ್ತದೆ. ಆದ್ದರಿಂದ ಸಿಲಿಂಡರನ್ನು ಗಾಳಿಯಾಡದ ಕಪಾಟಿನಲ್ಲಿ ಇಡಬಾರದು.

ಮಕ್ಕಳೇ, ಅಜ್ಜ ಅಜ್ಜಿಯ ಅಡುಗೆಮನೆಗೆ ಹೋದಾಗ ನಿಮ್ಮ ಮೂಗನ್ನು ಅವರಿಗೆ ಸ್ವಲ್ಪ ಎರವಲು ಕೊಡಿ. ಒಂದೊಂದೇ ಕಪಾಟು ತೆರೆದು, ಮೂಸಿ, ಏನನಿಸಿತು ಎಂದು ಹೇಳಿ. ಗ್ಯಾಸಿನ ವಾಸನೆ ಬಂದರೆ ಲೈಟು, ಫ್ಯಾನು ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಕೂಡಲೇ ದೊಡ್ಡವರನ್ನು ಕೂಗಿ. ಅವರು ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕರೆತಂದು 1906ಕ್ಕೆ ಫೋನ್ ಮಾಡಲಿ. ಅಜ್ಜ ಅಜ್ಜಿಯರೇ, ಮಗು "ಏನೋ ವಾಸನೆ" ಎಂದರೆ "ನನಗೇನೂ ಬರ್ತಿಲ್ಲವಲ್ಲ" ಎಂದು ಸುಮ್ಮನಿರಬೇಡಿ. ಎದ್ದು ಹೋಗಿ ಕಪಾಟಿನ ಬಾಗಿಲು ತೆರೆದು ನೋಡಿ.