ನಮ್ಮ ತಂದೆಯವರ ರಾಕೆಟ್ಟು

ನಮ್ಮ ತೀರ್ಥರೂಪರು ಮೂವತ್ತನಾಲ್ಕು ವರ್ಷ ಲೆಕ್ಕಪತ್ರದ ಕೆಲಸದಲ್ಲಿದ್ದು ನಿವೃತ್ತರಾದವರು. ಒಂದು ಕಾಸಿನ ವ್ಯತ್ಯಾಸ ಕಂಡರೂ ಅದರ ಮೂಲ ಸಿಕ್ಕುವವರೆಗೆ ಊಟಕ್ಕೇಳದ ಸ್ವಭಾವ ಅವರದು. ಅಂಥವರು ಅರುವತ್ತನೆಯ ವಯಸ್ಸಿನಲ್ಲಿ ಮಕ್ಕಳ ಆಟದ ಯಂತ್ರವೊಂದಕ್ಕೆ ಮನಸೋತು, ಅದಕ್ಕೂ ಒಂದು ಲೆಕ್ಕ ಬರೆದಿಟ್ಟರೆಂದರೆ ವಾಚಕರಿಗೆ ನಗೆ ಬಂದೀತು. ನಾವೂ ಆಗ ನಕ್ಕವರೇ. ಆ ನಗೆಯ ಋಣವನ್ನು ಈಚೆಗೆ ತೀರಿಸಬೇಕಾಗಿ ಬಂದುದರಿಂದ ಈ ಬರಹ.

೧೯೯೪ರಲ್ಲಿ ನಮ್ಮ ಭಾವನವರು ಸಿಂಗಪುರದಿಂದ ಬರುವಾಗ ಮಕ್ಕಳಿಗೆಂದು ಗೇಮ್ ಬಾಯ್ ಎಂಬ ಕೈಯಾಟದ ಯಂತ್ರವೊಂದನ್ನು ತಂದರು. ಜಪಾನಿನ ನಿಂಟೆಂಡೊ ಸಂಸ್ಥೆಯವರು ೧೯೮೯ರ ಏಪ್ರಿಲ್ ತಿಂಗಳಲ್ಲಿ ಹೊರತಂದ ಯಂತ್ರವದು. ಬೂದು ಬಣ್ಣದ ಇಟ್ಟಿಗೆಯ ಚೂರಿನಂಥ ಆಕಾರ. ಬೆನ್ನಿನಲ್ಲಿ ನಾಲ್ಕು ಸಣ್ಣ ಸೆಲ್ಲುಗಳು. ಎದುರಿಗೆ ಪಾಚಿಗಟ್ಟಿದ ಕೊಳದ ಬಣ್ಣದ ಪುಟ್ಟ ತೆರೆ. ಆ ತೆರೆಗೆ ಸ್ವಂತ ಬೆಳಕಿಲ್ಲ, ನಾಲ್ಕು ಛಾಯೆಗಳಲ್ಲದೆ ಬೇರೆ ವರ್ಣವೂ ಇಲ್ಲ. ಇದನ್ನು ರೂಪಿಸಿದವರಲ್ಲಿ ಮುಖ್ಯರಾದ ಗುನ್ಪೇ ಯೊಕೊಯಿ ಎಂಬವರು, ಹಳತಾಗಿ ಅಗ್ಗವಾದ, ಗುಣದೋಷಗಳೆಲ್ಲ ಚೆನ್ನಾಗಿ ತಿಳಿದುಹೋದ ಸಾಮಗ್ರಿಯಿಂದಲೇ ಹೊಸದನ್ನು ಕಟ್ಟಬೇಕೆಂಬ ಮತದವರಾಗಿದ್ದರು. ಅದೇ ಸುಮಾರಿಗೆ ಬಣ್ಣವೂ ಒಳಬೆಳಕೂ ಉಳ್ಳ ಪ್ರತಿಸ್ಪರ್ಧಿ ಯಂತ್ರಗಳು ಬಂದುವಾದರೂ ಅವು ಒಂದೊಂದಕ್ಕೆ ಆರಾರು ಸೆಲ್ಲುಗಳನ್ನು ಬೇಡುತ್ತಿದ್ದುವು. ಭಾವನವರು ಈ ಸಂಗತಿಯನ್ನು ಹೇಳಿದಾಗ ನಮ್ಮ ತಂದೆಯವರು, ‘ಆತನಿಗೆ ಮನೆವಾರ್ತೆ ಗೊತ್ತು’ ಎಂದರು. ಅವರು ಆ ಯಂತ್ರವನ್ನು ಕೈಗೆತ್ತಿಕೊಂಡುದು ಬಹುಶಃ ಆ ಗೌರವದಿಂದಲೇ. ಮಕ್ಕಳಿಗೆ ಎರಡು ತಿಂಗಳಲ್ಲಿ ಅದು ಬೇಸರವಾಯಿತು; ಅವರಿಗೆ ಆಗಲಿಲ್ಲ.

ಯಂತ್ರದೊಡನೆ ಬಂದ ಆಟ ಒಂದೇ, ಟೆಟ್ರಿಸ್. ೧೯೮೪ರಲ್ಲಿ ಮಾಸ್ಕೋ ನಗರದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿತ್ನೊವ್ ಎಂಬವರ ಕಲ್ಪನೆಯದು. ನಾಲ್ಕು ನಾಲ್ಕು ಚೌಕಗಳು ಬಗೆಬಗೆಯಾಗಿ ಅಂಟಿಕೊಂಡ ತುಂಡುಗಳು ಮೇಲಿನಿಂದ ಒಂದೊಂದಾಗಿ ಇಳಿಯುತ್ತವೆ. ಅವನ್ನು ತಿರುಗಿಸಿ, ಸರಿಸಿ, ಸಂದಿಲ್ಲದಂತೆ ಕೂಡಿಸಬೇಕು. ಹತ್ತು ಚೌಕಗಳ ಅಡ್ಡಸಾಲು ತುಂಬಿದರೆ ಮಾಯವಾಗುತ್ತದೆ. ತುಂಬದ ಸಾಲುಗಳು ಬೆಳೆದು ಮಾಡು ಮುಟ್ಟಿದರೆ ಆಟ ಮುಗಿಯಿತು. ಮೊದಲ ಹಂತದಲ್ಲಿ ಒಂದು ಸಾಲಿಗೆ ೪೦ ಅಂಕ, ನಾಲ್ಕನ್ನು ಒಮ್ಮೆಲೇ ಅಳಿಸಿದರೆ ೧,೨೦೦. ಹಂತ ಏರಿದಂತೆ ಅಂಕಗಳೂ ಇಮ್ಮಡಿ ಮುಮ್ಮಡಿಯಾಗುತ್ತವೆ, ವೇಗವೂ ಏರುತ್ತದೆ. ಮೊದಲ ಹಂತದಲ್ಲಿ ತುಂಡೊಂದು ಹದಿನೆಂಟು ಸಾಲು ಇಳಿಯಲು ಸುಮಾರು ೧೬ ಸೆಕೆಂಡು ಹಿಡಿದರೆ, ಹತ್ತನೆಯದರಲ್ಲಿ ಮೂರು ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೆ. ಅದು ಮುದುಕರ ಆಟವಲ್ಲ. ಆದರೂ ರಾತ್ರಿ ಊಟವಾದ ಮೇಲೆ ನಮ್ಮ ತಂದೆಯವರು ಕೊಳವೆ ದೀಪದ ನೇರ ಕೆಳಗೆ ಕುರ್ಚಿ ಹಾಕಿಕೊಂಡು, ಯಂತ್ರವನ್ನು ಬೆಳಕಿಗೆ ಓರೆಮಾಡಿ ಹಿಡಿದು, ತುಟಿ ಬಿಗಿದು ಆಡುವರು.

ಈ ಆಟದ ಕಾರ್ಟ್ರಿಡ್ಜಿಗೆ ನೆನಪಿಲ್ಲ. ಅತಿ ಹೆಚ್ಚಿನ ಮೂರು ಅಂಕಗಳನ್ನು ಹೆಸರುಸಹಿತ ತೋರಿಸುವುದೇನೋ ಉಂಟು. ಆದರೆ ಗುಂಡಿ ಆರಿಸಿದೊಡನೆ ಎಲ್ಲವೂ ಸೊನ್ನೆ. ಜನ್ಮವೆಲ್ಲ ಬಾಕಿಯನ್ನು ಮುಂದಿನ ಪುಟಕ್ಕೆ ತಂದುಕೊಂಡೇ ಬಂದವರಿಗೆ ಇದು ಸಹನೆಯಾಗುವುದೆಂತು? ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಿಂದ ದಿನಾಂಕ, ಹಂತ, ಸಾಲು, ಅಂಕ ಎಂದು ನಾಲ್ಕು ಕಲಮು ಗೆರೆ ಹಾಕಿ ಬರೆಯತೊಡಗಿದರು. ಮನೆಯ ಖರ್ಚಿನ ಬಾಬುಗಳನ್ನು ರಸೀದಿಯೊಡನೆ ತಾಳೆ ನೋಡಿ ಕೆಂಪು ಸೀಸದಕಡ್ಡಿಯಿಂದ ಗುರುತು ಹಾಕುವುದು ಅವರ ಪದ್ಧತಿ. ಆಟದ ಅಂಕಗಳಿಗೆ ಮಾತ್ರ ಒಂದೂ ಗುರುತಿಲ್ಲ. ಸಾಕ್ಷಿಯಿಲ್ಲದ ಬಾಬಿಗೆ ಗುರುತು ಹಾಕಕೂಡದೆಂಬುದು ನಿಯಮವಷ್ಟೆ.

೧೯೯೬ರ ಜನವರಿಯ ಒಂದು ಪುಟದಲ್ಲಿ ೧,೦೨,೩೧೬ ಎಂಬ ಅಂಕವಿದೆ. ಅದರ ಮುಂದೆ, ‘ರಾಕೆಟ್ಟು ಹಾರಿತು’ ಎಂದು ಬರೆದಿದೆ. ಆ ರಾತ್ರಿ ಹನ್ನೊಂದು ಗಂಟೆಗೆ ಅವರು ನಮ್ಮನ್ನೆಲ್ಲ ಎಬ್ಬಿಸಿದರು. ಆಟ ಮುಗಿಯಿತಂತೆ; ತೆರೆಯ ಮೇಲೆ ರಾಕೆಟ್ಟೊಂದು ನಿಂತಿತ್ತಂತೆ; ಮೊದಲು ಹೊಗೆ ಬಂತು, ಆಮೇಲೆ ಮೆಲ್ಲಗೆ ಎದ್ದು ಹಾರಿಹೋಯಿತಂತೆ. ನಾವು ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ತೆರೆಯ ಮೇಲೆ ಎಂದಿನ ಹಂತಗಳ ಪಟ್ಟಿ. ನಮ್ಮ ತಾಯಿಯವರು, ‘ತೂಕಡಿಸಿದ್ದೀರಿ, ಮಲಗಿ’ ಎಂದರು. ಅಂದಿನಿಂದ ಮನೆಯಲ್ಲಿ ಅದೊಂದು ಗಾದೆಯಾಯಿತು. ಯಾರಾದರೂ ನಂಬಲಾಗದ ಮಾತಾಡಿದರೆ, ‘ರಾಕೆಟ್ಟು ಹಾರಿತೇ?’ ಎಂದು ಮಕ್ಕಳಾದಿಯಾಗಿ ಕೇಳುವುದು. ತಂದೆಯವರು ಕೆಲವು ದಿನ ವಾದಿಸಿದರು, ತರುವಾಯ ಸುಮ್ಮನಾದರು. ಲಕ್ಷ ಮುಟ್ಟಿದ ಅಂಕ ಆ ಪುಸ್ತಕದಲ್ಲಿ ಮತ್ತೊಂದಿಲ್ಲ. ೨೦೦೯ರಲ್ಲಿ ಅವರು ತೀರಿಕೊಂಡರು.

೨೦೨೩ರಲ್ಲಿ ಅಟ್ಟ ತೆಗೆಸುವಾಗ ಆ ಯಂತ್ರ ಸಿಕ್ಕಿತು. ಒಳಗೇ ಮರೆತ ಸೆಲ್ಲುಗಳು ಸೋರಿ ತಾಮ್ರವನ್ನೆಲ್ಲ ಹಸುರಾಗಿ ತಿಂದಿದ್ದುವು. ದುರಸ್ತಿಯ ಅಂಗಡಿಯವನೊಬ್ಬ ಒಂದು ತಿಂಗಳಿಟ್ಟುಕೊಂಡು, ಇನ್ನೂ ಎರಡು ತಿರುಪು ಕಳೆದು ಹಿಂದಿರುಗಿಸಿದ. ಆಗ ನಮ್ಮ ಸೋದರಳಿಯ, ಯಂತ್ರ ಸತ್ತರೇನು, ಕಾರ್ಟ್ರಿಡ್ಜು ಬದುಕಿದೆಯಷ್ಟೆ, ಎಮ್ಯುಲೇಟರಿನಲ್ಲಿ ಆಡಬಹುದು ಎಂದನು.

ಎಮ್ಯುಲೇಟರೆಂದರೆ ಒಂದು ಯಂತ್ರದ ವೇಷವನ್ನು ಮತ್ತೊಂದಕ್ಕೆ ತೊಡಿಸುವ ತಂತ್ರಾಂಶ. ಆಟ ಬರೆದವರು ಗೇಮ್ ಬಾಯಿಯ ಪ್ರೊಸೆಸರಿಗೆ ತಿಳಿಯುವ ಭಾಷೆಯಲ್ಲಿ ಅಪ್ಪಣೆಗಳನ್ನು ಬರೆದಿಟ್ಟಿರುತ್ತಾರೆ. ನಮ್ಮ ಗಣಕಕ್ಕೆ ಆ ಭಾಷೆ ಬಾರದು. ನಡುವೆ ದುಭಾಷಿಯಂತೆ ಕುಳಿತ ಈ ತಂತ್ರಾಂಶ ಒಂದೊಂದೇ ಅಪ್ಪಣೆಯನ್ನು ಓದಿ ನಡೆಸಿಕೊಡುತ್ತದೆ. ಆದರೆ ಅರ್ಥ ಹೇಳಿದರೆ ಸಾಲದು, ತಾಳವೂ ತಪ್ಪಬಾರದು. ಮೂಲ ಯಂತ್ರದ ಗಡಿಯಾರ ಸೆಕೆಂಡಿಗೆ ೪೧,೯೪,೩೦೪ ಸಲ ಮಿಡಿಯುತ್ತಿತ್ತು. ಟೆಟ್ರಿಸಿನಲ್ಲಿ ಮುಂದೆ ಯಾವ ತುಂಡು ಬರಬೇಕೆಂಬುದನ್ನು ಆ ಮಿಡಿತವನ್ನೆಣಿಸುವ ಒಂದು ಎಣಿಕೆಯಿಂದಲೇ ಆರಿಸುತ್ತಾರೆ. ಎಣಿಕೆ ತಪ್ಪಿದರೆ ಆಟದ ಹಣೆಬರಹವೇ ಬೇರೆಯಾಯಿತು. ೧೯೯೦ರ ದಶಕದ ನಡುವಿನಲ್ಲಿಯೇ ಇಂಥ ತಂತ್ರಾಂಶಗಳು ಹುಟ್ಟಿಕೊಂಡಿದ್ದುವು. ನಮ್ಮ ತಂದೆಯವರು ದೀಪದಡಿ ಕುಳಿತು ಆಡುತ್ತಿದ್ದಾಗಲೇ, ಎಲ್ಲಿಯೋ ಯಾರೋ ಅದೇ ಯಂತ್ರದ ನೆರಳನ್ನು ಬರೆಯತೊಡಗಿದ್ದರೆಂದಾಯಿತು. ಸೇಮ್‌ಬಾಯ್, ಎಮ್‌ಜಿಬಿಎ ಮೊದಲಾದ ಈಚಿನವನ್ನು ಬರೆದವರು ಮೂಲವನ್ನು ಮಿಡಿತ ಮಿಡಿತಕ್ಕೂ ತಾಳೆ ನೋಡಿದ್ದಾರೆ. ಗುಂಡಿಯೊತ್ತಿದೊಡನೆ ಸಂಸ್ಥೆಯ ಹೆಸರನ್ನು ಮೇಲಿನಿಂದ ಇಳಿಸುವ ಆರಂಭದ ಅಪ್ಪಣೆಗಳು ಕೇವಲ ೨೫೬ ಬೈಟುಗಳು. ಅವು ಚಿಪ್ಪಿನೊಳಗೇ ಹುದುಗಿದ್ದು ಹೊರಗಿನಿಂದ ಓದಲು ಬಾರದಂತಿದ್ದುವು. ೨೦೦೩ರಲ್ಲಿ ಹವ್ಯಾಸಿಯೊಬ್ಬನು ಚಿಪ್ಪನ್ನು ಬಿಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದೊಂದು ಅಂಶವನ್ನೂ ಕಣ್ಣಾರೆ ಓದಿ ಬರೆದುಕೊಂಡನು. ಶಾಸನ ಓದುವವರ ತಾಳ್ಮೆಯನ್ನು ಹೊಗಳುವ ನಾವು ಇದನ್ನೂ ಹೊಗಳಬೇಡವೆ?

ಪರರ ಆಟವನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳುವುದು ಕೃತಿಸ್ವಾಮ್ಯಕ್ಕೆ ವಿರುದ್ಧ. ನಮ್ಮ ಬಳಿ ಕೊಂಡ ಕಾರ್ಟ್ರಿಡ್ಜೇ ಇದ್ದುದರಿಂದ ನಾವು ಬೇರೆಡೆ ಹುಡುಕಲಿಲ್ಲ. ನಮ್ಮ ದೇಶದ ೧೯೫೭ರ ಕಾಯಿದೆಯೂ, ನ್ಯಾಯವಾಗಿ ಪ್ರತಿಯನ್ನು ಹೊಂದಿದವನು ನಷ್ಟದಿಂದ ರಕ್ಷಣೆಗಾಗಿ ನಕಲಿಟ್ಟುಕೊಳ್ಳಬಹುದೆನ್ನುತ್ತದೆ. ಅಂಗೈಯಗಲದ ಸಾಧನವೊಂದಕ್ಕೆ ಕಾರ್ಟ್ರಿಡ್ಜನ್ನು ಸಿಕ್ಕಿಸಿ ಸೋದರಳಿಯನು ಅದರಲ್ಲಿದ್ದುದನ್ನೆಲ್ಲ ಓದಿಸಿದನು. ಒಟ್ಟು ೩೨ ಕಿಲೋಬೈಟು. ದೂರವಾಣಿಯಲ್ಲಿ ಈಗ ತೆಗೆಯುವ ಒಂದು ಚಿತ್ರ ಅದರ ನೂರು ಪಾಲಾದೀತು. ಎರಡು ವರ್ಷ ನಮ್ಮ ತಂದೆಯವರ ರಾತ್ರಿಗಳನ್ನು ತುಂಬಿದುದು ಇಷ್ಟೇ ಎಂದು ನೋಡಿದಾಗ ಮನಸ್ಸಿಗೆ ಒಂದು ಬಗೆಯಾಯಿತು.

ರಾಕೆಟ್ಟಿನ ವಿಷಯವನ್ನು ಬಲ್ಲವರಲ್ಲಿ ಕೇಳಿದ್ದರೆ ಕ್ಷಣದಲ್ಲಿ ತಿಳಿಯುತ್ತಿತ್ತು. ಆದರೆ ಮನೆಯೊಳಗೆ ನಕ್ಕ ತಪ್ಪಿಗೆ ಮನೆಯೊಳಗೇ ಸಾಕ್ಷಿ ಕಾಣಬೇಕೆಂಬ ಹಠ ನಮಗೆ ಬಂತು. ಆಡಿದೆವು. ಚಿತ್ರ ಎಷ್ಟು ಸ್ಪಷ್ಟವೆಂದರೆ ಪರಕೀಯವೆನಿಸಿತು. ಆ ಹಳೆಯ ತೆರೆಯಲ್ಲಿ ಸರಿಯುವ ತುಂಡಿನ ಹಿಂದೆ ಮಸುಕಿನ ಬಾಲವೊಂದು ಉಳಿಯುತ್ತಿತ್ತು. ಎಮ್ಯುಲೇಟರಿನವರು ಆ ದೋಷವನ್ನೂ ಬೇಕಾದರೆ ಸೇರಿಸಿಕೊಳ್ಳುವಂತೆ ಮಾಡಿದ್ದಾರೆ, ಸೇರಿಸಿಕೊಂಡೆವು. ಮೂರು ವಾರ ಕಳೆದರೂ ೪೧,೦೦೦ ದಾಟಲಿಲ್ಲ. ಅರುವತ್ತು ದಾಟಿದವರು, ಓರೆಬೆಳಕಿನಲ್ಲಿ, ಇದನ್ನು ಹೇಗೆ ಆಡಿದರೆಂಬುದು ಮೊದಲ ಬಾರಿಗೆ ಬೆರಳಿಗೆ ತಿಳಿಯಿತು.

ಕೊನೆಗೆ ಅಡ್ಡದಾರಿ ಹಿಡಿದೆವು. ಎಮ್ಯುಲೇಟರಿಗೆ ಮೂಲ ಯಂತ್ರಕ್ಕಿಲ್ಲದ ಒಂದು ಶಕ್ತಿಯುಂಟು. ಆ ಯಂತ್ರದ ನೆನಪೆಂದರೆ ಕೆಲಸಕ್ಕೆ ೮ ಕಿಲೋಬೈಟು, ಚಿತ್ರಕ್ಕೆ ೮ ಕಿಲೋಬೈಟು. ಅದನ್ನೂ ಇನ್ನಷ್ಟು ಸಣ್ಣ ಪುಟ್ಟ ಎಣಿಕೆಗಳನ್ನೂ ಒಂದು ಕ್ಷಣದಲ್ಲಿದ್ದಂತೆಯೇ ಬರೆದಿಟ್ಟುಕೊಂಡರೆ, ಬೇಕೆಂದಾಗ ಅದೇ ಕ್ಷಣಕ್ಕೆ ಮರಳಬಹುದು. ನಾಲ್ಕು ಸಾಲು ಅಳಿಸಿದೊಡನೆ ಬರೆದಿಟ್ಟೆವು, ಕೆಟ್ಟರೆ ಹಿಂದಿರುಗಿದೆವು. ನಮ್ಮ ತಂದೆಯವರಿಗೆ ಹಿಂದಿರುಗುವ ದಾರಿಯಿರಲಿಲ್ಲವೆಂಬುದು ಪ್ರತಿಸಲವೂ ನೆನಪಾಗಿ ನಾಚಿಕೆಯಾಯಿತು, ಆದರೂ ಆಡಿದೆವು. ಅಂಕ ೧,೦೦,೦೦೦ ದಾಟಿದ ರಾತ್ರಿ ಆಟವನ್ನು ಅಲ್ಲಿಗೇ ಹೆಪ್ಪುಗಟ್ಟಿಸಿ, ಬೆಳಗಾಗಲೆಂದು ಕಾದೆವು.

ನಮ್ಮ ತಾಯಿಯವರಿಗೆ ಈಗ ಎಂಬತ್ತಾರು. ಬೆಳಗ್ಗೆ ಕಾಫಿಯಾದ ಮೇಲೆ ಗಣಕದ ಮುಂದೆ ಅವರನ್ನು ಕೂರಿಸಿ, ನಿಂತಲ್ಲಿಂದ ಆಟವನ್ನು ಹೊರಡಿಸಿ, ತುಂಡುಗಳನ್ನು ಬೇಕೆಂದೇ ಮಾಡಿನವರೆಗೆ ಪೇರಿಸಿದೆವು. ಆಟ ಮುಗಿಯಿತು. ತೆರೆ ಬದಲಾಯಿತು. ರಾಕೆಟ್ಟೊಂದು ನಿಂತಿತ್ತು. ಬುಡದಲ್ಲಿ ಹೊಗೆ ಬಂತು. ಮೆಲ್ಲಗೆ ಎದ್ದಿತು, ಹಾರಿಹೋಯಿತು.

ತಾಯಿಯವರು ಕನ್ನಡಕವನ್ನು ತೆಗೆದು ಒರಸಿಕೊಂಡು, ‘ಇನ್ನೊಂದು ಸಲ’ ಎಂದರು. ಬರೆದಿಟ್ಟ ಕ್ಷಣಕ್ಕೆ ಮರಳಿ ಇನ್ನೊಂದು ಸಲ ತೋರಿಸಿದೆವು, ಮತ್ತೊಂದು ಸಲವೂ ತೋರಿಸಿದೆವು. ಅವರು ಎದ್ದುಹೋಗಿ ತಮ್ಮ ಬೀರುವಿನಿಂದ ಹಾಲಿನ ಲೆಕ್ಕದ ಪುಸ್ತಕವನ್ನು ತಂದರು. ಅದು ಅವರಲ್ಲಿರುವ ಸಂಗತಿ ನಮಗೆ ಅದುವರೆಗೆ ಗೊತ್ತಿರಲಿಲ್ಲ. ಅಂಕದ ಪುಟಗಳು ಯಾವುದೋ ಟ್ರಂಕಿನಲ್ಲಿವೆಯೆಂದೇ ಎಣಿಸಿದ್ದೆವು. ಜನವರಿಯ ಪುಟ ತೆಗೆದು ನಮ್ಮ ಮುಂದಿಟ್ಟು, ಗುರುತು ಹಾಕು ಎಂದರು. ಕೆಂಪು ಸೀಸದಕಡ್ಡಿ ಮನೆಯಲ್ಲಿರಲಿಲ್ಲ. ಅಂಗಡಿ ಬಾಗಿಲು ತೆರೆಯುವವರೆಗೆ ಪುಸ್ತಕವನ್ನು ಮುಚ್ಚಗೊಡದೆ ಅವರು ಅಲ್ಲಿಯೇ ಕುಳಿತಿದ್ದರು.